ನಾಡು ಬಿಟ್ಟರೂ ದೀಪ ಬಿಡದವರು

೧೯೨೦ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಕ್ರಿಮಿಯಾದ ಬಂದರುಗಳಿಂದ ೧೨೬ ಹಡಗುಗಳು ಕಪ್ಪು ಸಮುದ್ರಕ್ಕೆ ಇಳಿದವು. ಅಂತರ್ಯುದ್ಧದಲ್ಲಿ ಬೋಲ್ಷೆವಿಕರಿಗೆ ಸೋತ ಜನರಲ್ ರಾಂಗೆಲನ ಸೈನಿಕರು, ಅವರ ಹೆಂಡಿರು ಮಕ್ಕಳು, ಅಧ್ಯಾಪಕರು, ವೈದ್ಯರು, ಪಾದ್ರಿಗಳು ಹೀಗೆ ಸುಮಾರು ೧,೪೫,೦೦೦ ಮಂದಿ ಅವುಗಳಲ್ಲಿದ್ದರು. ಬೇಗನೆ ಹಿಂದಿರುಗುವೆವೆಂದು ನಂಬಿದ್ದವರೇ ಅವರಲ್ಲಿ ಹೆಚ್ಚು. ಆದರೆ ಮರುವರ್ಷದ ಕೊನೆಯಲ್ಲಿ ಸೋವಿಯತ್ ಸರ್ಕಾರವು ದೇಶ ಬಿಟ್ಟು ಹೋದ ಇಂಥವರ ಪೌರತ್ವವನ್ನೇ ಕಿತ್ತುಕೊಂಡಿತು. ೧೯೨೨ರಲ್ಲಿ ನಾರ್ವೆಯ ಫ್ರಿಡ್ಚಾಫ್ ನಾನ್ಸೆನ್ ರಾಷ್ಟ್ರಸಂಘದ ಮೂಲಕ ಏರ್ಪಡಿಸಿದ ಗುರುತುಪತ್ರವೊಂದೇ ಅವರಿಗೆ ಉಳಿದ ಆಸರೆ. ಗಡಿ ದಾಟಲು ಆ ಕಾಗದ ಸಾಕಾಗಿತ್ತು. ನಾವು ಯಾರೆಂದು ಮಕ್ಕಳಿಗೆ ತಿಳಿಸಲು ಸಾಲದಾಗಿತ್ತು.

ಆ ಕೆಲಸವನ್ನು ಇಗರ್ಜಿ ವಹಿಸಿಕೊಂಡಿತು. ರಾಜ್ಯವನ್ನು ಕಳೆದುಕೊಂಡವರಿಗೆ ಇಗರ್ಜಿಯೇ ಊರು, ಅದರ ಅಂಗಳವೇ ಚಾವಡಿ. ಪ್ರಾರ್ಥನೆ ಹಳೆಯ ಸ್ಲಾವ್ ಭಾಷೆಯಲ್ಲಿ. ಹಬ್ಬಹುಣ್ಣಿಮೆಗಳು ಹದಿಮೂರು ದಿನ ಹಿಂದಿರುವ ಹಳೆಯ ಪಂಚಾಂಗದಂತೆ. ಸುತ್ತಲಿನ ಊರೆಲ್ಲ ಕ್ರಿಸ್‌ಮಸ್ ಮುಗಿಸಿ ದೀಪ ಆರಿಸಿದ ಮೇಲೆ ಜನವರಿ ೭ರಂದು ಇವರ ಹಬ್ಬ. ಪೂಜೆಯಾದ ಬಳಿಕ ಚಹಾ, ಊರ ಸುದ್ದಿ, ಕೆಲಸ ಹುಡುಕುವವನಿಗೊಂದು ಸುಳಿವು. ವಾರಕ್ಕೊಮ್ಮೆ ಮಕ್ಕಳಿಗೆ ರಷ್ಯನ್ ಅಕ್ಷರಾಭ್ಯಾಸ. ೧೯೨೫ರಿಂದ ಕವಿ ಪುಷ್ಕಿನನ ಹುಟ್ಟುಹಬ್ಬದ ಸುಮಾರಿಗೆ ‘ರಷ್ಯನ್ ಸಂಸ್ಕೃತಿಯ ದಿನ’ವನ್ನು ಆಚರಿಸುವ ರೂಢಿಯೂ ಬೆಳೆಯಿತು. ಧರ್ಮವೂ ಸಾಹಿತ್ಯವೂ ಒಂದೇ ಮನೆಯ ಎರಡು ಕಂಬಗಳಾದವು.

ಪ್ಯಾರಿಸ್ ಈ ಜನರ ರಾಜಧಾನಿಯಾಯಿತು. ಮಾಜಿ ಸೇನಾಧಿಕಾರಿಗಳು ಅಲ್ಲಿ ಟ್ಯಾಕ್ಸಿ ನಡೆಸಿದರು, ಕಾರ್ಖಾನೆಗಳಲ್ಲಿ ದುಡಿದರು. ಅಂಥ ಬಡತನದ ನಡುವೆ ಮೆಟ್ರೊಪಾಲಿಟನ್ ಯೆವ್ಲೋಗಿಯವರು ೧೯೨೪ರಲ್ಲಿ ಹರಾಜಿಗೆ ಬಂದ ಹಳೆಯ ಜರ್ಮನ್ ಲೂಥರನ್ ಕಟ್ಟಡವೊಂದನ್ನು ಕೊಳ್ಳಲು ಮುಂದಾದರು. ಹಣ ನಾನಾ ಕಡೆಗಳಿಂದ, ಅನ್ಯಪಂಥದವರಿಂದಲೂ ಕೂಡಿಬಂತು. ಮರುವರ್ಷವೇ ಅಲ್ಲಿ ಸಂತ ಸೆರ್ಗಿಯನ ಹೆಸರಿನ ಧರ್ಮಶಾಸ್ತ್ರ ವಿದ್ಯಾಲಯ ಆರಂಭವಾಯಿತು. ಸೆರ್ಗೆಯಿ ಬುಲ್ಗಾಕೋವರಂಥ ಪಂಡಿತರು ಅಲ್ಲಿ ಪಾಠ ಹೇಳಿದರು. ಸೋವಿಯತ್ ನೆಲದಲ್ಲಿ ಧರ್ಮಪಾಠಶಾಲೆಗಳು ಮುಚ್ಚಿಹೋಗಿದ್ದ ಕಾಲದಲ್ಲಿ ರಷ್ಯದ ದೈವಚಿಂತನೆ ಪರದೇಶದಲ್ಲಿ ಉಸಿರಾಡಿತು.

ಪೂರ್ವದಿಕ್ಕಿಗೆ ಹೋದವರ ಕಥೆ ಇನ್ನೂ ಕಠಿಣ. ರಷ್ಯದ ರೈಲುದಾರಿಯೊಡನೆ ಹುಟ್ಟಿದ ಮಂಚೂರಿಯಾದ ಹಾರ್ಬಿನ್ ನಗರದಲ್ಲಿ ಸಂತ ನಿಕೊಲಾಸನ ಮರದ ಇಗರ್ಜಿ ಇತ್ತು. ಅಲ್ಲಿಂದ ಹಲವರು ಶಾಂಘೈಗೆ ಸರಿದರು. ೧೯೪೯ರಲ್ಲಿ ಕಮ್ಯುನಿಸ್ಟ್ ಸೇನೆ ಶಾಂಘೈ ಕಡೆಗೆ ಬರುತ್ತಿದ್ದಂತೆ ಸುಮಾರು ೫,೫೦೦ ಮಂದಿಗೆ ಆಶ್ರಯ ಕೊಟ್ಟ ದೇಶ ಫಿಲಿಪ್ಪೀನ್ಸ್. ತುಬಾಬಾವೊ ಎಂಬ ಪುಟ್ಟ ದ್ವೀಪದಲ್ಲಿ, ಬಿರುಗಾಳಿಯ ಸೀಮೆಯಲ್ಲಿ, ಅವರು ಗುಡಾರ ಹಾಕಿದರು. ಆ ಗುಡಾರಗಳ ನಡುವೆಯೂ ಪೂಜೆ ನಡೆಯಿತು, ಮಕ್ಕಳಿಗೆ ಪಾಠ ನಡೆಯಿತು. ಅವರ ಆರ್ಚ್‌ಬಿಷಪ್ ಜಾನ್ ಮ್ಯಾಕ್ಸಿಮೊವಿಚ್ ವಾಷಿಂಗ್ಟನ್ನಿಗೆ ಹೋಗಿ ತಮ್ಮ ಜನರ ಪರವಾಗಿ ಮೊರೆಯಿಟ್ಟರು. ಮುಂದೆ ಕೆಲವರು ಆಸ್ಟ್ರೇಲಿಯಾಕ್ಕೆ, ಕೆಲವರು ಅಮೆರಿಕಕ್ಕೆ ಸೇರಿದರು. ಹಾರ್ಬಿನ್ನಿನ ಆ ಮರದ ಇಗರ್ಜಿಯನ್ನು ೧೯೬೬ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ, ಕೆಡವಿಹಾಕಲಾಯಿತು.

ಇಷ್ಟೆಲ್ಲ ಕಷ್ಟ ಕಂಡವರು ಒಗ್ಗಟ್ಟಿನಿಂದಿದ್ದರೆಂದು ಯಾರಾದರೂ ಭಾವಿಸಿದರೆ ಅದು ಸತ್ಯಕ್ಕೆ ದೂರ. ಮಾಸ್ಕೋದ ಇಗರ್ಜಿ ಸೋವಿಯತ್ ಅಧಿಕಾರಕ್ಕೆ ತಲೆಬಾಗಿತೆಂದು ಒಂದು ಪಕ್ಷ ಅದರಿಂದ ದೂರವಾಯಿತು. ಇನ್ನೊಂದು ಪಕ್ಷ ೧೯೩೧ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಪೀಠದ ಆಶ್ರಯ ಪಡೆಯಿತು. ಮತ್ತೆ ಕೆಲವರು ಮಾಸ್ಕೋವನ್ನೇ ನೆಚ್ಚಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೊಸ ಇಗರ್ಜಿ ಕಟ್ಟುವ ವಿಚಾರವಾಗಿ ಎದ್ದ ಜಗಳ ಕೋರ್ಟಿನ ಮೆಟ್ಟಿಲು ಹತ್ತಿತು. ತುಬಾಬಾವೊದ ಜನರಿಗಾಗಿ ಅಲೆದ ಆ ಆರ್ಚ್‌ಬಿಷಪ್ಪರೇ ಅಲ್ಲಿ ಆಪಾದನೆ ಎದುರಿಸಬೇಕಾಯಿತು. ಕೊನೆಗೆ ನಿರ್ದೋಷಿಯೆನಿಸಿದ ಅವರು ೧೯೬೬ರಲ್ಲಿ ತೀರಿಕೊಂಡರು. ೧೯೯೪ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು.

ಆದರೆ ಇವೆಲ್ಲಕ್ಕಿಂತ ಆಳವಾದ ಪ್ರಶ್ನೆ ಎದ್ದದ್ದು ಮನೆಯೊಳಗೆ. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗನಿಗೆ ಅಜ್ಜಿಯ ಪ್ರಾರ್ಥನೆ ಅರ್ಥವಾಗದು. ಭಾಷೆಯನ್ನು ಉಳಿಸುವುದೋ, ಶ್ರದ್ಧೆಯನ್ನು ಉಳಿಸುವುದೋ? ನ್ಯೂಯಾರ್ಕ್ ಸೀಮೆಯ ಜೋರ್ಡನ್‌ವಿಲ್ ಎಂಬಲ್ಲಿ ೧೯೩೦ರಲ್ಲಿ ಹುಟ್ಟಿದ ಮಠ ಹಳೆಯ ಭಾಷೆಯನ್ನೇ ಹಿಡಿದು ನಿಂತಿತು. ಸ್ಲೊವಾಕಿಯಾದಿಂದ ಬಂದ ಸನ್ಯಾಸಿಗಳು ಅಲ್ಲಿ ಅಚ್ಚುಕೂಟದ ಪರಂಪರೆಯನ್ನು ಮುಂದುವರಿಸಿದರು. ಇನ್ನೊಂದು ದಾರಿ ಹಿಡಿದವರು ಅಲೆಕ್ಸಾಂಡರ್ ಶ್ಮೆಮನ್. ವಲಸಿಗರ ಮಗನಾಗಿ ೧೯೨೧ರಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿ, ಪ್ಯಾರಿಸಿನ ಆ ಸಂತ ಸೆರ್ಗಿ ವಿದ್ಯಾಲಯದಲ್ಲೇ ಓದಿ, ೧೯೫೧ರಲ್ಲಿ ಅಮೆರಿಕಕ್ಕೆ ಬಂದ ಈ ಪಾದ್ರಿ, ಅಲ್ಲಿನ ಮಕ್ಕಳಿಗೆ ಅಲ್ಲಿನ ಇಂಗ್ಲಿಷಿನಲ್ಲೇ ಪೂಜೆ ನಡೆಯಬೇಕೆಂದರು. ರಷ್ಯನ್ ಎಂಬುದನ್ನೇ ಇವರು ಮರೆತರೆಂದು ಹಳಬರು ನೊಂದದ್ದುಂಟು. ಆದರೆ ಇದೇ ಶ್ಮೆಮನ್ ಮೂವತ್ತು ವರ್ಷ ರೇಡಿಯೋ ಮೂಲಕ ಸೋವಿಯತ್ ನಾಡಿನ ಕೇಳುಗರಿಗೆ ಶುದ್ಧ ರಷ್ಯನ್ನಿನಲ್ಲಿ ಉಪದೇಶ ಮಾಡಿದರು. ಕೇಳುವ ಕಿವಿಗೆ ತಕ್ಕ ಭಾಷೆ, ಹೇಳುವ ಮಾತು ಒಂದೇ.

೧೯೯೧ರಲ್ಲಿ ಸೋವಿಯತ್ ಒಕ್ಕೂಟ ಕಳಚಿಬಿದ್ದಾಗ ಈ ಎರಡು ದಾರಿಗಳ ಬೆಲೆಯೂ ಗೊತ್ತಾಯಿತು. ಹೊರನಾಡಿನಲ್ಲಿ ಅಚ್ಚಾದ ಪುಸ್ತಕಗಳು ತಾಯ್ನಾಡಿನ ಓದುಗರ ಕೈ ಸೇರಿದವು. ೨೦೦೭ರ ಮೇ ೧೭ರಂದು ಹೊರನಾಡಿನ ರಷ್ಯನ್ ಇಗರ್ಜಿಯೂ ಮಾಸ್ಕೋದ ಇಗರ್ಜಿಯೂ ಬಹುಕಾಲದ ಮುನಿಸು ತೊರೆದು ಒಂದೇ ಪೀಠದ ಮುಂದೆ ಪೂಜೆ ಮಾಡಿದವು. ಹಡಗು ಹತ್ತಿದವರ ಪೈಕಿ ಆ ದಿನ ನೋಡಲು ಉಳಿದಿದ್ದವರು ಇಲ್ಲವೇ ಇಲ್ಲವೆನ್ನುವಷ್ಟು. ಅವರು ಬದುಕಿನುದ್ದಕ್ಕೂ ಹಿಂದಿರುಗುವ ಕನಸು ಕಂಡರು. ಹಿಂದಿರುಗಿದ್ದು ಅವರಲ್ಲ, ಅವರು ಗುಡಾರದಲ್ಲೂ ಆರದಂತೆ ನೋಡಿಕೊಂಡ ದೀಪ.