ವಕ್ಫ್ ಮಳಿಗೆಗಳ ಬಾಡಿಗೆ: ಪಗಡಿಯಿಂದ ಕರಾರಿನವರೆಗೆ

ಸಾಲು ಮಳಿಗೆಗಳು ಕಲಬುರಗಿಗೆ ಹೊಸತಲ್ಲ. 1347ರಲ್ಲಿ ಬಹಮನಿ ರಾಜಧಾನಿಯಾದ ಈ ಊರಿನ ಹಳೆಯ ಬಜಾರು 570 ಅಡಿ ಉದ್ದ, 60 ಅಡಿ ಅಗಲವಿದ್ದು, ಎರಡೂ ಬದಿಗೆ ತಲಾ 61 ಕಮಾನುಗಳಿದ್ದವೆಂದು ಬ್ರಿಟಿಷರ ಕಾಲದ ಗೆಝೆಟಿಯರು ಬರೆದಿದೆ. ಆದರೆ ಆ ಕಾಲದಲ್ಲಿ ಮಸೀದಿ, ದರ್ಗಾಗಳ ಖರ್ಚು ಮುಖ್ಯವಾಗಿ ನಡೆಯುತ್ತಿದ್ದುದು ಅಂಗಡಿ ಬಾಡಿಗೆಯಿಂದಲ್ಲ, ಸುಲ್ತಾನರು ಬಿಟ್ಟುಕೊಟ್ಟ ಹಳ್ಳಿ ಮತ್ತು ಭೂಮಿಯ ಉತ್ಪನ್ನದಿಂದ. 1422ರಲ್ಲಿ ನಿಧನರಾದ ಹಜರತ್ ಖಾಜಾ ಬಂದೇನವಾಜರ ದರ್ಗಾಕ್ಕೂ ಇಂಥ ಉಂಬಳಿಗಳಿದ್ದವು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1974ರ ಮಾರ್ಚ್ 1ರಿಂದ ಕರ್ನಾಟಕದ ಭೂಸುಧಾರಣೆಯ ಪ್ರಕಾರ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ ಉಳುವವನ ಪಾಲಾದವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಇಮಾಮರ ಸಂಬಳ, ದೀಪದ ಎಣ್ಣೆ, ಮದರಸಾ ಖರ್ಚಿಗೆ ಅನೇಕ ಕಮಿಟಿಗಳ ಬಳಿ ಉಳಿದದ್ದು ಊರೊಳಗಿನ ಖಾಲಿ ಜಾಗ ಮಾತ್ರ. ಬ್ರಹ್ಮಪುರದಂಥ ಹಳೆಯ ಬಡಾವಣೆಗಳಿರುವ ಊರಿನಲ್ಲಿ ರಸ್ತೆಗೆ ಮುಖ ಮಾಡಿದ ಹತ್ತು ಅಡಿ ಜಾಗಕ್ಕೂ ಬೆಲೆಯಿದೆ. ಅಲ್ಲಿ ಮಳಿಗೆ ಕಟ್ಟಲು ಹಣ ಎಲ್ಲಿಂದ ತರಬೇಕು?

ಅಲ್ಲಾಹನ ಹೆಸರಿಗೆ ಬಿಟ್ಟ ಆಸ್ತಿಯನ್ನು ಅಡವಿಟ್ಟು ಬ್ಯಾಂಕ್ ಸಾಲ ತರುವುದು ಸುಲಭವಿರಲಿಲ್ಲ. ಬಡ್ಡಿಯ ಪ್ರಶ್ನೆ ಬೇರೆ. 2013ರ ತಿದ್ದುಪಡಿಯಂತೂ ವಕ್ಫ್ ಆಸ್ತಿಯ ಅಡಮಾನವನ್ನೇ ನಿಷೇಧಿಸಿತು. ಹೀಗಾಗಿ ಪಗಡಿಯೇ ಕಮಿಟಿಗಳ ಬ್ಯಾಂಕ್ ಆಯಿತು. ಬಾಡಿಗೆದಾರ ಒಂದು ದೊಡ್ಡ ಮೊತ್ತ ಮೊದಲೇ ಕೊಡುತ್ತಾನೆ, ಅದರಿಂದ ಮಳಿಗೆ ಏಳುತ್ತದೆ, ಪ್ರತಿಯಾಗಿ ಬಾಡಿಗೆ ಅಲ್ಪವಾಗಿರುತ್ತದೆ. ಬಡ್ಡಿಯಿಲ್ಲದ ಸಾಲವೆಂದು ಭಾವಿಸಿದ್ದ ಈ ಹಣಕ್ಕೆ ಮೂವತ್ತು-ನಲವತ್ತು ವರ್ಷ ಏರದ ಬಾಡಿಗೆಯ ರೂಪದಲ್ಲಿ ಬಡ್ಡಿ ಸಂದಾಯವಾಗುತ್ತಲೇ ಇತ್ತು! ಬಾಡಿಗೆದಾರರನ್ನಷ್ಟೇ ದೂರುವವರು ಈ ಮಾತನ್ನು ಮರೆಯುತ್ತಾರೆ.

ಕಾನೂನು ಇರಲಿಲ್ಲವೆಂದಲ್ಲ. 1995ರ ಕಾಯ್ದೆಯ 56ನೇ ಕಲಮಿನಂತೆ 2013ರವರೆಗೆ ಮೂರು ವರ್ಷ ಮೀರಿದ ಗುತ್ತಿಗೆ ಅಸಿಂಧುವಾಗಿತ್ತು, ಒಂದು ವರ್ಷ ಮೀರಿದರೆ ವಕ್ಫ್ ಮಂಡಳಿಯ ಪೂರ್ವಾನುಮತಿ ಬೇಕಿತ್ತು. ಆದರೆ ಅವಧಿ ಮುಗಿದವನನ್ನು ಬಿಡಿಸುವುದು ಹೇಗೆ? 2010ರಲ್ಲಿ ಹೈದರಾಬಾದಿನ ಸುಗ್ರಾ ಹುಮಾಯೂನ್ ಮಿರ್ಜಾ ವಕ್ಫ್ ಪ್ರಕರಣದಲ್ಲಿ, ಬಾಡಿಗೆದಾರನನ್ನು ಒಕ್ಕಲೆಬ್ಬಿಸುವ ದಾವೆ ವಕ್ಫ್ ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ ಆ ಅಧಿಕಾರವನ್ನು ನ್ಯಾಯಮಂಡಳಿಗೆ ಕೊಡಲಾಯಿತು. ವಾಣಿಜ್ಯ, ಶಿಕ್ಷಣ, ಆರೋಗ್ಯದ ಉದ್ದೇಶಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆಯೊಂದಿಗೆ 30 ವರ್ಷದ ಗುತ್ತಿಗೆಗೂ ಅವಕಾಶವಾಯಿತು.

ನಷ್ಟ ಎಷ್ಟೆಂಬುದನ್ನು 2006ರ ಸಾಚಾರ್ ಸಮಿತಿ ಲೆಕ್ಕ ಹಾಕಿತ್ತು. ದೇಶದ ವಕ್ಫ್ ಆಸ್ತಿಯ ಪುಸ್ತಕ ಮೌಲ್ಯ ಸುಮಾರು 6,000 ಕೋಟಿ ರೂಪಾಯಿ, ವಾರ್ಷಿಕ ಆದಾಯ ಸುಮಾರು 163 ಕೋಟಿ, ಅಂದರೆ ಶೇ. 2.7. ಮಾರುಕಟ್ಟೆ ಬೆಲೆಯೇ 1.2 ಲಕ್ಷ ಕೋಟಿ ಎಂದೂ, ಶೇ. 10 ಬಂದರೂ ವರ್ಷಕ್ಕೆ 12,000 ಕೋಟಿ ಆಗುವುದೆಂದೂ ಸಮಿತಿ ಅಂದಾಜಿಸಿತ್ತು. ಎಷ್ಟು ಮಕ್ಕಳ ವಿದ್ಯಾರ್ಥಿವೇತನ ಇದರಲ್ಲಿ ಅಡಗಿತ್ತೆಂಬುದನ್ನು ವಿದ್ಯಾರ್ಥಿ ಮಿತ್ರರೇ ಊಹಿಸಲಿ.

ಪಗಡಿಗೆ ಪರ್ಯಾಯವೊಂದು ಬಹಳ ಹಿಂದೆಯೇ ಬಂದಿತ್ತು. ಕೇಂದ್ರ ವಕ್ಫ್ ಕೌನ್ಸಿಲ್ 1974-75ರಿಂದ ನಗರದ ವಕ್ಫ್ ಆಸ್ತಿಗಳಲ್ಲಿ ಕಟ್ಟಡ ಕಟ್ಟಲು ಬಡ್ಡಿರಹಿತ ಸಾಲ ಕೊಡತೊಡಗಿತು. ಸಾಲ ಪಡೆದವರು ಬಾಕಿ ಮೊತ್ತದ ಶೇ. 6ರಷ್ಟನ್ನು ಕೌನ್ಸಿಲಿನ ಶಿಕ್ಷಣ ನಿಧಿಗೆ ದೇಣಿಗೆಯಾಗಿ ಕೊಡಬೇಕೆಂಬುದು ಅದರ ಷರತ್ತು. ಉದಾಹರಣೆಗೆ, ಹತ್ತು ಮಳಿಗೆಗೆ 20 ಲಕ್ಷ ಸಾಲ, ಹತ್ತು ವರ್ಷದಲ್ಲಿ ಮರುಪಾವತಿ ಎಂದುಕೊಳ್ಳೋಣ. ಮೊದಲ ವರ್ಷ ಅಸಲು 2 ಲಕ್ಷ, ದೇಣಿಗೆ 1.2 ಲಕ್ಷ. ಒಂದೊಂದು ಮಳಿಗೆಯಿಂದ ತಿಂಗಳಿಗೆ ಸುಮಾರು 2,670 ರೂಪಾಯಿ ಬರದಿದ್ದರೆ ಕಂತು ಕಟ್ಟಲಾಗದು. ದುರಸ್ತಿ, ತೆರಿಗೆ, ಖಾಲಿ ಬಿದ್ದ ತಿಂಗಳುಗಳು ಇದರ ಮೇಲೆ. ಮಂಡಳಿಯ ವಂತಿಗೆಯೂ ಉಂಟು. ನಿವ್ವಳ ಆದಾಯದ ಶೇ. 7ರವರೆಗೆ ಇದ್ದ ಅದರ ಮಿತಿಯನ್ನು 2025ರ ತಿದ್ದುಪಡಿ ಶೇ. 5ಕ್ಕೆ ಇಳಿಸಿದೆ. ಪರಿಚಯದವರೆಂದು 1,500ಕ್ಕೆ ಮಳಿಗೆ ಕೊಟ್ಟು, ಕರಾರಿನಲ್ಲಿ ಏರಿಕೆಯ ಮಾತನ್ನೇ ಬರೆಯದ ಕಮಿಟಿ ಮೊದಲ ವರ್ಷದಲ್ಲೇ ಕೊರತೆ ತುಂಬಲು ಜುಮಾ ಚಂದಾಕ್ಕೆ ಕೈ ಹಾಕಬೇಕಾಗುತ್ತದೆ.