ಜಾತ್ರೆ

ಕಲಬುರಗಿಯ ಬಾಯಲ್ಲಿ ಇದು ‘ಜಾತ್ರಿ’. ಮನೆ ಮನಿಯಾದಂತೆ, ಕೊನೆಯ ಎಕಾರ ಇಲ್ಲಿ ನಿಲ್ಲುವುದಿಲ್ಲ.

ಮೂಲ ಸಂಸ್ಕೃತದ ‘ಯಾತ್ರಾ’. ಯಕಾರ ಜಕಾರವಾಗುವುದು ನಮಗೆ ಹೊಸದಲ್ಲ: ಯೋಗಿ ಜೋಗಿಯಾದ, ಯೌವನ ಜವ್ವನವಾಯಿತು, ಯಮ ಜವನಾದ. ಮರಾಠಿಯ ಜತ್ರಾ, ತೆಲುಗಿನ ಜಾತರ ಇದೇ ಬಳಗದವು. ವಿಶೇಷವೆಂದರೆ ತದ್ಭವ ಬಂದರೂ ತತ್ಸಮ ಜಾಗ ಬಿಡಲಿಲ್ಲ, ಇಬ್ಬರೂ ಕೆಲಸ ಹಂಚಿಕೊಂಡರು. ಕಲಬುರಗಿ ಬಳಿಯ ಕಮಲಾಪುರದಿಂದ ಕಾಶಿಗೆ ಹೊರಟವರು ‘ಯಾತ್ರಾ’ ಎನ್ನುತ್ತಾರೆ. ಕಲಬುರಗಿಯ ಬಸ್ಸು ಹತ್ತಿದವರು ‘ಜಾತ್ರಿಗಿ ಹೊಂಟೀವ್ರಿ’ ಎನ್ನುತ್ತಾರೆ. ಯಾತ್ರೆಯಲ್ಲಿ ನಾವು ದೇವರ ಬಳಿ ನಡೆಯುತ್ತೇವೆ. ಜಾತ್ರೆಯಲ್ಲಿ ದೇವರೇ ತೇರೇರಿ ಹೊರಗೆ ಬರುತ್ತಾನೆ. ತೇರು ಮಾತ್ರ ಅಪ್ಪಟ ದ್ರಾವಿಡ, ತಮಿಳಿನಲ್ಲಿ ಅದು ‘ತೇರ್’.

ಕಲಬುರಗಿಯಲ್ಲಿ ಹೋಳಿ ಹುಣ್ಣಿಮೆ ಕಳೆದ ಐದನೇ ದಿನ ಸಂತ ಶರಣಬಸವೇಶ್ವರರ (1746–1822) ತೇರು. ಹಿಂದಿನ ದಿನ ಉಚ್ಚಾಯಿ, ಅಂದರೆ ಚಿಕ್ಕ ತೇರು, ಎಳೆಯುತ್ತಾರೆ. ತೇರಿನ ದಿನ ಶರಣರ ಪರುಷ ಬಟ್ಟಲು ತೋರಿಸಿದ ಮೇಲೆಯೇ ಹಗ್ಗ ಬಿಗಿಯುವುದು. ಆಗ ಕಳಸದತ್ತ ಉತ್ತತ್ತಿ, ಬಾಳೆಹಣ್ಣು ಹಾರುತ್ತವೆ. (ಕಮಲಾಪುರದ ಕೆಂಪು ಬಾಳೆಯನ್ನು ಹಾಗೆ ಎಸೆಯಲು ನನಗಂತೂ ಕೈ ಬಾರದು.)

ಕಲಬುರಗಿಯಲ್ಲೇ ಇರುವ ಸೂಫಿ ಸಂತ ಬಂದೇನವಾಜರ ದರ್ಗಾದಲ್ಲಿ ನಡೆಯುವುದು ‘ಉರುಸು’. ಅರಬ್ಬಿಯಲ್ಲಿ ಆ ಪದಕ್ಕೆ ಮದುವೆ ಎಂದರ್ಥ. ಆದರೆ ಮಿಠಾಯಿ, ಬಳೆ, ತೊಟ್ಟಿಲು ನೋಡಲು ಹೊರಟ ಮಕ್ಕಳಿಗೆ ಅದೂ ಜಾತ್ರಿಯೇ. ನಾಲ್ಕು ಜನ ನೆಂಟರು ಒಟ್ಟಿಗೆ ಬಂದಿಳಿದರೂ ಅಜ್ಜಿ ಹೇಳುವುದು ಅದನ್ನೇ: ‘ಮನಿ ಜಾತ್ರಿ ಆಗ್ಯಾದ ನೋಡು.’