ಹಳ್ಳಿಯವರ ಧರ್ಮ: ಬೋರಗಾಂವ ಸೀಮೆಯ ಒಂದು ನೋಟ

ಇಂಗ್ಲಿಷಿನ ‘ಪೇಗನ್’ ಎಂಬ ಪದ ಹುಟ್ಟಿದಾಗ ಅದೇನೂ ಬೈಗುಳವಾಗಿರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ‘ಪಾಗುಸ್’ ಎಂದರೆ ಹಳ್ಳಿಯ ಸೀಮೆ, ‘ಪಾಗಾನುಸ್’ ಎಂದರೆ ಹಳ್ಳಿಗ. ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ರೋಮ್ ಸಾಮ್ರಾಜ್ಯದಲ್ಲಿ ಕ್ರೈಸ್ತಧರ್ಮ ಪ್ರಬಲವಾದಾಗ ಹಳೆಯ ದೇವರುಗಳನ್ನು ಬಿಡದವರಿಗೆ ಈ ಹೆಸರು ಅಂಟಿಕೊಂಡಿತು. 391 ಮತ್ತು 392ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಹಳೆಯ ಪೂಜೆಗಳನ್ನೂ ಬಲಿಗಳನ್ನೂ ನಿಷೇಧಿಸಿದ. ಅಲ್ಲಿಂದ ಮುಂದೆ ‘ಹಳ್ಳಿಗ’ ಎಂದರೆ ಧರ್ಮ ತಿಳಿಯದವನು ಎಂದಾಯಿತು.

ನಮ್ಮ ನಾಡಿನಲ್ಲಿಯೂ ಇದೇ ನಡೆದಿದೆ. ಶಾಸ್ತ್ರ ಬಲ್ಲವರು ಊರ ದೇವತೆಗಳನ್ನು ‘ಕ್ಷುದ್ರ ದೈವ’ ಎಂದರು. ಕೆಲವು ಮೌಲವಿಗಳು ಇದೆಲ್ಲ ‘ಜಾಹಿಲಿಯತ್’ ಎಂದರು. ವಿದ್ಯಾವಂತರು ‘ಮೂಢನಂಬಿಕೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದರು. ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ 1916ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದರಲ್ಲಿ ಮಾಹಿತಿ ಅಪಾರವಾಗಿದೆ, ಆದರೆ ನೋಟ ಹೊರಗಿನವರದು. ಹಳ್ಳಿಯ ಧರ್ಮಕ್ಕೆ ಹೆಸರಿಟ್ಟವರೆಲ್ಲ ಬಹುಮಟ್ಟಿಗೆ ಹಳ್ಳಿಯ ಹೊರಗಿನವರು. ಹಾಗಾದರೆ ಒಳಗಿದ್ದವರು ತಮ್ಮ ಧರ್ಮವನ್ನು ಹೇಗೆ ಬಾಳಿದರು? ಈ ಪ್ರಶ್ನೆಯನ್ನು ಹಿಡಿದು ನಾವು ಬೆಳಗಾವಿ ಜಿಲ್ಲೆಯ ಗಡಿಯಲ್ಲಿರುವ ಬೋರಗಾಂವ ಸೀಮೆಯನ್ನು ನೋಡಬಹುದು.

ಹಿಂದೆ ಚಿಕ್ಕೋಡಿ ತಾಲ್ಲೂಕಿನಲ್ಲಿದ್ದು ಈಗ ನಿಪ್ಪಾಣಿ ತಾಲ್ಲೂಕಿಗೆ ಸೇರಿರುವ ಬೋರಗಾಂವ, ವೇದಗಂಗಾ ಮತ್ತು ದೂಧಗಂಗಾ ನದಿಗಳ ಬಯಲಿನ ಊರು. ಗಡಿ ದಾಟಿದರೆ ಹತ್ತಿರದಲ್ಲೇ ಇಚಲಕರಂಜಿಯ ಮಗ್ಗಗಳ ಪೇಟೆ. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಇಲ್ಲಿನ ಸಂತೆಯ ಭಾಷೆಗಳು. ಜೈನ ಒಕ್ಕಲಿಗರು, ಲಿಂಗಾಯತರು, ಮರಾಠರು, ಧನಗರರೆಂದೂ ಕರೆಯಲಾಗುವ ಹಾಲುಮತದ ಕುರುಬರು, ದಲಿತರು, ಮುಸ್ಲಿಮರು ಒಂದೇ ನೀರು ಕುಡಿದು ಬದುಕಿದ ನೆಲವಿದು. ಒಂದು ಕಾಲಕ್ಕೆ ಬಿಜಾಪುರದ ಆದಿಲಶಾಹಿಗಳ ಆಡಳಿತದಲ್ಲಿದ್ದ ಈ ಪ್ರದೇಶ ಮುಂದೆ ಹಂಚಿಹೋಯಿತು. ಚಿಕ್ಕೋಡಿ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದರೆ, ರಾಯಬಾಗ ಕೊಲ್ಲಾಪುರ ಸಂಸ್ಥಾನದ ಕೈಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಹೊಸ ಗೆರೆಯೊಂದು ಬಿತ್ತು. ಆದರೆ ಇಲ್ಲಿನ ದೇವರುಗಳು ಆ ಗೆರೆಯನ್ನು ಒಪ್ಪಿಕೊಂಡ ಹಾಗೆ ಕಾಣುವುದಿಲ್ಲ.

ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಯನ್ನೇ ನೋಡಿ. ಮಾಘ ಮಾಸದಲ್ಲಿ ನಡೆಯುವ ಈ ಜಾತ್ರೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಂದ ಲಕ್ಷಾಂತರ ಜನ ಸೇರುತ್ತಾರೆ. ಎತ್ತಿನ ಗಾಡಿ ಕಟ್ಟಿಕೊಂಡು, ಗಾಡಿಯ ಬದಿಯಲ್ಲೇ ಒಲೆ ಹೂಡಿ, ನೈವೇದ್ಯ ಮಾಡಿ, ಭಂಡಾರ ಹಾರಿಸಿ ‘ಚಾಂಗಭಲೋ’ ಎಂದು ಕೂಗುತ್ತಾರೆ. ಅರಿಶಿನದ ಆ ಹಳದಿಯಲ್ಲಿ ಯಾರು ಯಾವ ರಾಜ್ಯದವರೆಂದು ಗುರುತಿಸುವುದು ಕಷ್ಟ.

ಈ ಮಾಯಕ್ಕ ಯಾರು? ಹಾಲುಮತದ ಕಥನಗಳಲ್ಲಿ ಆಕೆ ಬೀರಪ್ಪನ ಅಕ್ಕ. ಸುರಾವತಿಯ ಹೊಟ್ಟೆಯಲ್ಲಿ ಹುಟ್ಟಿದ ಬೀರಪ್ಪನನ್ನು ಹಸುಗೂಸಾಗಿದ್ದಾಗಲೇ ಅಡವಿಗೆ ಎಸೆಯಲಾಗುತ್ತದೆ. ಅಳುವ ಕೂಸನ್ನು ಎತ್ತಿಕೊಂಡು ಸಾಕಿದವಳು ಮಾಯವ್ವ. ಅವಳು ಒಡಹುಟ್ಟಿದವಳಲ್ಲ, ಆದರೂ ಅಕ್ಕ. ಕಥೆ ಊರಿಂದೂರಿಗೆ ಸ್ವಲ್ಪ ಬದಲಾದರೂ ಈ ತಿರುಳು ಬದಲಾಗುವುದಿಲ್ಲ. ಯಾರೂ ಬೇಡವೆಂದ ಕೂಸನ್ನು ತನ್ನದೆಂದು ಎತ್ತಿಕೊಂಡವಳನ್ನೇ ಈ ಜನ ದೇವಿ ಎಂದರು. ಆ ಕೂಸು ಮುಂದೆ ಕುರಿಗಾರರ ದೇವರಾಯಿತು. ಗ್ರಾಮದೈವಗಳೆಂದರೆ ಬರೀ ರಕ್ತ ಮತ್ತು ಭಯ ಎಂದುಕೊಂಡವರು ಈ ಕಥೆಯನ್ನು ಕೇಳಬೇಕು.

ಬೀರಪ್ಪನೇ ಗಡಿಯಾಚೆ ಬೀರದೇವ, ಬಿರೋಬಾ ಎನಿಸಿಕೊಳ್ಳುತ್ತಾನೆ. ಕೊಲ್ಲಾಪುರ ಜಿಲ್ಲೆಯ ಪಟ್ಟಣಕೊಡೋಲಿಯಲ್ಲಿ ವಿಠ್ಠಲ ಮತ್ತು ಬೀರದೇವರು ಒಟ್ಟಿಗೆ ಪೂಜೆಗೊಳ್ಳುತ್ತಾರೆ. ಪಂಢರಪುರದ ವಿಠ್ಠಲನ ಬೇರು ಕೂಡ ಪಶುಪಾಲಕರ ದೇವರಲ್ಲಿದೆ ಎಂದು ರಾ.ಚಿಂ. ಢೇರೆ ಅವರು 1984ರಲ್ಲಿ ಪ್ರಕಟವಾದ ತಮ್ಮ ಮರಾಠಿ ಗ್ರಂಥದಲ್ಲಿ ವಿಸ್ತಾರವಾಗಿ ವಾದಿಸಿದ್ದಾರೆ. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಧನಗರರ ನಡುವೆ ಓಡಾಡಿ ಬಿರೋಬಾ, ಮ್ಹಸ್ಕೋಬಾ, ಖಂಡೋಬಾರ ಕಥನಗಳನ್ನು ಸಂಗ್ರಹಿಸಿ 1976ರಲ್ಲಿ ಗ್ರಂಥ ಪ್ರಕಟಿಸಿದರು. ಅವರಿಬ್ಬರಿಗಿಂತ ಮೊದಲೇ ನಮ್ಮ ಶಂ.ಬಾ. ಜೋಶಿಯವರು ಕನ್ನಡ ಮರಾಠಿಗಳ ಹಟ್ಟಿಕಾರ ಮೂಲದ ಬಗ್ಗೆ ಬರೆದಿದ್ದರು. ಗಡಿಯ ವಿವಾದ ನ್ಯಾಯಾಲಯದಲ್ಲಿ ಕುಳಿತಿರುವ ಈ ಕಾಲದಲ್ಲಿ ಇಂತಹ ಅಧ್ಯಯನಗಳು ನಮಗೆ ಹೆಚ್ಚು ಬೇಕಾಗಿವೆ.

ಮಂಗಸೂಳಿಯ ಖಂಡೋಬಾನ ಸಂಸಾರ ಇನ್ನೂ ಸ್ವಾರಸ್ಯಕರ. ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿನಲ್ಲಿರುವ ಈ ಊರು ಖಂಡೋಬಾನ ಪ್ರಮುಖ ಕ್ಷೇತ್ರಗಳಲ್ಲೊಂದು. ಕನ್ನಡದವರಿಗೆ ಅವನೇ ಮೈಲಾರಲಿಂಗ, ಮಲ್ಲಯ್ಯ. ಜಾನಪದದಲ್ಲಿ ಅವನಿಗೆ ಹಲವು ಜಾತಿಗಳ ಹೆಂಡಿರು. ಮ್ಹಾಳಸಾ ಲಿಂಗಾಯತ ವಾಣಿಗರ ಮಗಳು, ಬಾಣಾಯಿ ಧನಗರರ ಮಗಳು. ಸಿಂಪಿಗರ ಮನೆಯವಳೊಬ್ಬಳು, ಮಾಲಿಗರ ಮನೆಯವಳೊಬ್ಬಳು. ಚಂದಾಯಿ ಗಾಣಿಗರವಳೆಂದು ಕೆಲವರು ಹೇಳಿದರೆ, ಅವಳು ತಮ್ಮ ಮನೆಯ ಮಗಳೆಂದು ಮುಸ್ಲಿಮರು ಹೇಳುವುದುಂಟು. ಖಂಡೋಬಾನಿಗೆ ‘ಮಲ್ಲೂಖಾನ’ ಎಂಬ ಹೆಸರೂ ಇದೆ. ಊರಿನ ಜಾತಿಗಳು ನಿಜ ಜೀವನದಲ್ಲಿ ಹೆಣ್ಣು ಕೊಟ್ಟು ತರಲಿಲ್ಲ. ಆದರೆ ದೇವರ ಮನೆಯಲ್ಲಿ ಎಲ್ಲರೂ ಬೀಗರಾದರು. ಇದನ್ನು ನಾವು ಕ್ರಾಂತಿ ಎಂದು ಕರೆಯಬೇಕಾಗಿಲ್ಲ. ಆದರೆ ಬೀಗರ ಮನೆಗೆ ಬೆಂಕಿ ಹಚ್ಚಲು ಕೈ ಸುಲಭವಾಗಿ ಏಳುವುದಿಲ್ಲ ಎಂಬುದನ್ನು ಹಳ್ಳಿಗರು ಬಲ್ಲರು.

ನಿಪ್ಪಾಣಿಯಲ್ಲಿ ಪೀರಾನೆಪೀರ್ ದಸ್ತಗೀರರ ಉರೂಸು ನಡೆಯುತ್ತದೆ. ದಸ್ತಗೀರರೆಂದರೆ 1166ರಲ್ಲಿ ಬಗ್ದಾದಿನಲ್ಲಿ ಕಾಲವಾದ ಶೇಖ್ ಅಬ್ದುಲ್ ಖಾದಿರ್ ಜೀಲಾನಿ. ಅವರ ಹೆಸರಿನ ಈ ದರ್ಗಾವನ್ನು ಸ್ಥಾಪಿಸಿದವರು ಸಂತ ಬಾಬಾಮಹಾರಾಜ ಚವ್ಹಾಣ ಎಂಬ ಹಿಂದೂ ಸಾಧಕರೆಂದು ಊರು ನೆನೆಯುತ್ತದೆ. ಗಂಧದ ಮೆರವಣಿಗೆಯಲ್ಲಿ ಹಿಂದೂಗಳೂ ಮುಸ್ಲಿಮರೂ ಜೊತೆಗಿರುತ್ತಾರೆ. ಹಳ್ಳಿಗಳಲ್ಲಿ ಮೊಹರಂ ಬಂದರೆ ಕ್ರಿ.ಶ. 680ರ ಕರ್ಬಲಾದ ಶೋಕವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಮುಸ್ಲಿಮೇತರರೇ ಅನೇಕರು. ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳು, ನಾಥಪಂಥ, ಮೊಹರಂ ಕುರಿತ ತಮ್ಮ ಕೃತಿಗಳಲ್ಲಿ ಇಂತಹ ನೂರಾರು ಉದಾಹರಣೆಗಳನ್ನು ದಾಖಲಿಸಿದ್ದಾರೆ.

ಜೈನರ ನಡೆಯೂ ಇಲ್ಲಿ ಉಲ್ಲೇಖನೀಯ. ಎರಡು ನದಿಗಳ ಸಂಗಮದ ಸಮೀಪದ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಬೆಳೆದ ಸಾತಗೌಡರೇ ಮುಂದೆ ಆಚಾರ್ಯ ಶಾಂತಿಸಾಗರರಾದರು (1872–1955). ಯುವಕನಾಗಿದ್ದಾಗ ಅವರು ಬೋರಗಾಂವದ ಆದಿಸಾಗರ ಮುನಿಗಳನ್ನು ಹೆಗಲ ಮೇಲೆ ಹೊತ್ತು ನದಿ ದಾಟಿಸುತ್ತಿದ್ದರೆಂದು ಶ್ರಾವಕರು ಹೇಳುವುದುಂಟು. ಒಂದೆಡೆ ಇರುವೆಯನ್ನೂ ನೋಯಿಸದ ಮುನಿಗಳು, ಇನ್ನೊಂದೆಡೆ ಕುರಿ ಕೊಯ್ಯುವ ಹರಕೆಯ ಜನ. ಈ ಇಬ್ಬರೂ ಒಂದೇ ನದಿಯ ದಂಡೆಯಲ್ಲಿ ಶತಮಾನಗಳ ಕಾಲ ಬಾಳಿದರು. ಒಪ್ಪದಿರುವುದು ಬೇರೆ, ಓಡಿಸುವುದು ಬೇರೆ ಎಂಬ ತಿಳಿವಳಿಕೆ ಇಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ.

ಜಾತ್ರೆಗಳಿಗೆ ಇನ್ನೊಂದು ಕೆಲಸವೂ ಇತ್ತು. ಪತ್ರಿಕೆ, ರೇಡಿಯೋ ಇಲ್ಲದ ಕಾಲದಲ್ಲಿ ಸುದ್ದಿ ಹರಡುತ್ತಿದ್ದುದೇ ಅಲ್ಲಿ. ನಿಪ್ಪಾಣಿ ಬಳಿಯ ಅಪ್ಪಾಚಿವಾಡಿಯ ಹಾಲಸಿದ್ಧನಾಥರ ಜಾತ್ರೆಯಲ್ಲಿ ‘ಭಾಕಣೂಕ’ ನಡೆಯುತ್ತದೆ. ಮಳೆ ಹೇಗೆ, ಬೆಳೆ ಹೇಗೆ, ಧಾರಣೆ ಏರುವುದೋ ಇಳಿಯುವುದೋ, ರಾಜಕೀಯ ಏನಾದೀತು ಎಂಬ ಕಾರಣಿಕದ ನುಡಿಗಳವು. ಪಟ್ಟಣಕೊಡೋಲಿಗೆ ಸೊಲ್ಲಾಪುರ ಸೀಮೆಯ ಅಂಜನಗಾವದಿಂದ ಕಾಲ್ನಡಿಗೆಯಲ್ಲಿ ಬರುವ ಫರಾಂಡೆ ಬಾಬಾ ಕೂಡ ಹೀಗೆಯೇ ನುಡಿಯುತ್ತಾರೆ. ಭವಿಷ್ಯ ನಿಜವಾಗುತ್ತದೆಯೇ ಎಂಬುದು ನಮ್ಮ ಪ್ರಶ್ನೆಯಲ್ಲ. ಇಡೀ ಸೀಮೆಯ ಜನ ವರ್ಷಕ್ಕೊಮ್ಮೆ ಒಂದೆಡೆ ಕುಳಿತು ತಮ್ಮೆಲ್ಲರ ಮಳೆ, ಬೆಳೆ, ರೋಗ, ರಾಜ್ಯಗಳ ಕುರಿತು ಒಂದೇ ಮಾತನ್ನು ಕೇಳುತ್ತಿದ್ದರು ಎಂಬುದು ಮುಖ್ಯ. ‘ಚರ್ಚ್’ ಎಂಬುದಕ್ಕೆ ಗ್ರೀಕ್ ಬೈಬಲ್ಲಿನಲ್ಲಿರುವ ‘ಎಕ್ಲೇಸಿಯಾ’ ಎಂಬ ಪದಕ್ಕೆ ಜನಸಭೆ ಎಂದೇ ಅರ್ಥ. ಆ ಅರ್ಥದಲ್ಲಿ ನಮ್ಮ ಜಾತ್ರೆಯೂ ಒಂದು ಚರ್ಚೇ. ಅದಕ್ಕೆ ಬಾಗಿಲು ಇರಲಿಲ್ಲ ಅಷ್ಟೆ.

ಇಸ್ಲಾಮಿನ ಇತಿಹಾಸದಲ್ಲಿಯೂ ಇದಕ್ಕೆ ಹೊಂದುವ ಒಂದು ಅಧ್ಯಾಯವಿದೆ. ಇಂದಿನ ತುರ್ಕಿಯಲ್ಲಿರುವ ಹರ್ರಾನ್ ನಗರದ ಜನ ಇಸ್ಲಾಂ ಬಂದ ಮೇಲೂ ಗ್ರಹದೇವತೆಗಳ ಪೂಜೆ ಬಿಡಲಿಲ್ಲ. ಸುಮಾರು 830ರಲ್ಲಿ ಖಲೀಫ ಮಾಮೂನ್ ಅವರನ್ನು ‘ನೀವು ಯಾರು’ ಎಂದು ಪ್ರಶ್ನಿಸಿದ ಬಳಿಕ ಅವರು ಕುರ್‌ಆನಿನಲ್ಲಿ ಉಲ್ಲೇಖವಿರುವ ಸಾಬಿಯರ ಹೆಸರನ್ನು ತಮ್ಮದಾಗಿಸಿಕೊಂಡರೆಂದು ಇಬ್ನ್ ನದೀಮರ ಗ್ರಂಥ ಹೇಳುತ್ತದೆ. ಈ ಸಮುದಾಯದಿಂದಲೇ ಬಂದ ಗಣಿತಜ್ಞ ಸಾಬಿತ್ ಇಬ್ನ್ ಖುರ್ರಾ ಬಗ್ದಾದಿನಲ್ಲಿ ಗ್ರೀಕ್ ಶಾಸ್ತ್ರಗಳನ್ನು ಅರಬಿಗೆ ತಂದರು. ಅವರ ಮಗ ಸಿನಾನ್ ವೈದ್ಯರು. ಹತ್ತನೆಯ ಶತಮಾನದ ಆರಂಭದಲ್ಲಿ ವಜೀರ ಅಲಿ ಇಬ್ನ್ ಈಸಾ ಅವರಿಗೆ ಪತ್ರ ಬರೆದು, ಸೆರೆಮನೆಗಳಿಗೆ ದಿನವೂ ವೈದ್ಯರನ್ನು ಕಳುಹಿಸಬೇಕು, ವೈದ್ಯರಿಲ್ಲದ ಹಳ್ಳಿಗಳಿಗೆ ಔಷಧಿಯೊಂದಿಗೆ ತಿರುಗುವ ತಂಡಗಳನ್ನು ಕಳುಹಿಸಬೇಕು ಎಂದು ಆದೇಶಿಸಿದರು. ಆದೇಶಿಸಿದವರು ಮುಸ್ಲಿಂ ವಜೀರರು. ನೆರವೇರಿಸಿದ ಸಿನಾನ್ ಆಗಿನ್ನೂ ಹಳೆಯ ಧರ್ಮದಲ್ಲೇ ಇದ್ದವರು. ಕೈದಿಗಳ ಜ್ವರವನ್ನು ಮುಟ್ಟಿ ನೋಡುವಾಗ ಅವರಿಬ್ಬರ ನಡುವಿನ ನಂಬಿಕೆಯ ಅಂತರ ಅಡ್ಡ ಬರಲಿಲ್ಲ.

ಆಧುನಿಕ ಕಾಲದಲ್ಲಿ ಪಶ್ಚಿಮದವರೇ ತಾವು ಕಳೆದುಕೊಂಡ ಈ ಹಳ್ಳಿಯ ಧರ್ಮವನ್ನು ಹುಡುಕಿ ಹೊರಟಿದ್ದಾರೆ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಹಳೆಯ ದೇವರುಗಳ ಅನುಯಾಯಿಗಳು ಸಂಘ ಕಟ್ಟಿಕೊಂಡರು. ಮರುವರ್ಷವೇ ಸರ್ಕಾರ ಅದನ್ನು ಮಾನ್ಯ ಮಾಡಿತು. ಅಮೆರಿಕದಲ್ಲಿ ‘ಚರ್ಚ್’ ಎಂಬ ಹೆಸರನ್ನೇ ಇಟ್ಟುಕೊಂಡ ಪೇಗನ್ ಸಭೆಗಳು ನೋಂದಣಿಯಾದವು. 2007ರಲ್ಲಿ ಅಲ್ಲಿನ ಸರ್ಕಾರ ಸೈನಿಕರ ಗೋರಿಕಲ್ಲಿನ ಮೇಲೆ ಅವರ ಪಂಚಕೋನ ನಕ್ಷತ್ರ ಕೆತ್ತಲು ಒಪ್ಪಿತು. ಸತ್ತ ಮಗನ ಗೋರಿಯ ಮೇಲೆ ಅವನ ನಂಬಿಕೆಯ ಗುರುತು ಇರಬೇಕೆಂಬ ಕುಟುಂಬದ ಬೇಡಿಕೆ ಯಾವ ಧರ್ಮದವರಿಗೂ ಅರ್ಥವಾಗುವಂಥದ್ದು.

ಹಾಗೆಂದು ಹಳ್ಳಿಯ ಧರ್ಮವನ್ನು ಬಂಗಾರದ ಚೌಕಟ್ಟಿನಲ್ಲಿಟ್ಟು ಪೂಜಿಸುವುದೂ ಸರಿಯಲ್ಲ. ಅಡವಿಯ ಕೂಸನ್ನು ಎತ್ತಿಕೊಂಡ ದೇವಿಯನ್ನು ನಂಬಿದ ಈ ಸೀಮೆಯಲ್ಲೇ ಬಡ ದಲಿತ ಮನೆಗಳ ಹೆಣ್ಣುಮಕ್ಕಳನ್ನು ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡಲಾಯಿತು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಇದರ ವಿರುದ್ಧ ಕಾಯಿದೆಗಳು ಬಂದವು. ಪ್ರಾಣಿಬಲಿ ತಡೆಗೆ 1959ರ ಕಾಯಿದೆ ಇದೆ. ಜಾತ್ರೆಯಲ್ಲಿ ಒಂದಾದವರು ಮರುದಿನ ಬಾವಿಕಟ್ಟೆಯಲ್ಲಿ ಬೇರೆಯಾದದ್ದೂ ನಿಜ. ಉದಾರತೆ ಎಂದರೆ ಎಲ್ಲವನ್ನೂ ಸಹಿಸುವುದಲ್ಲ. ಮಾಯಕ್ಕನ ಕಥೆಯೇ ಇದಕ್ಕೆ ಅಳತೆಗೋಲು. ಕೂಸನ್ನು ಎತ್ತಿಕೊಳ್ಳುವ ಆಚರಣೆ ಉಳಿಯಬೇಕು, ಕೂಸನ್ನು ಎಸೆಯುವ ಆಚರಣೆ ಅಳಿಯಬೇಕು.

ಇಂದು ಅಪಾಯ ಎರಡು ಕಡೆಗಳಿಂದಲೂ ಇದೆ. 2022ರ ಮಾರ್ಚ್ ತಿಂಗಳಲ್ಲಿ ಕರಾವಳಿಯ ಕಾಪು ಮಾರಿಗುಡಿಯೂ ಸೇರಿ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ನಿರಾಕರಿಸಲಾಯಿತು. 2002ರ ನಿಯಮವೊಂದನ್ನು ಮುಂದಿಟ್ಟು ಅದನ್ನು ಸಮರ್ಥಿಸಿಕೊಳ್ಳಲಾಯಿತು. ಬೇಡಿಕೆ ರಾಜ್ಯದ ಬೇರೆಡೆಗೂ ಹಬ್ಬಿತು. ಬಳೆ ತೊಡಿಸುವ ಮಣಿಯಾರರು, ಹಣ್ಣು ಮಾರುವ ಬಾಗವಾನರು ಇಲ್ಲದ ಜಾತ್ರೆಯನ್ನು ನಮ್ಮ ಹಿರಿಯರು ಜಾತ್ರೆಯೆಂದು ಕರೆಯುತ್ತಿದ್ದರೇ? ಇತ್ತ ಮುಸ್ಲಿಂ ಸಮಾಜದಲ್ಲಿಯೂ ಶುದ್ಧೀಕರಣದ ಹೆಸರಿನಲ್ಲಿ ನೆರೆಯವರ ಸುಖದುಃಖಗಳಿಂದಲೇ ದೂರ ಸರಿಯುವಂತೆ ಹೇಳುವ ದನಿಗಳಿವೆ. ತೌಹೀದನ್ನು ನಂಬುವವನು ಭಂಡಾರ ಹಾರಿಸಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಇತರರ ಆರಾಧ್ಯರನ್ನು ನಿಂದಿಸಬಾರದೆಂಬ ತಿಳಿವಳಿಕೆಯನ್ನು ಕುರ್‌ಆನಿನ ಆರನೆಯ ಅಧ್ಯಾಯದಲ್ಲೇ ಕೊಡಲಾಗಿದೆ. ಆರಾಧನೆ ಬೇರೆಯಾಗಿದ್ದರೂ ನೆರೆತನ ಬೇರೆಯಾಗಬೇಕಾಗಿಲ್ಲ.

2005, 2019 ಮತ್ತು 2021ರಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳು ಉಕ್ಕಿ ಹರಿದು ಈ ತಾಲ್ಲೂಕುಗಳ ಹೊಲ, ಮನೆಗಳು ಮುಳುಗಿದವು. ನೀರು ಯಾರ ಮನೆಯ ಹೊಸ್ತಿಲಲ್ಲೂ ನಿಂತು ಜಾತಿ ಕೇಳಲಿಲ್ಲ. ನದಿ ಮತ್ತೆ ಉಕ್ಕುವ ದಿನ ಬಂದೇ ಬರುತ್ತದೆ. ಆಗ ಹಗ್ಗ ಹಿಡಿಯುವ ಕೈ ಪಕ್ಕದ ಓಣಿಯಿಂದಲೇ ಬರಬೇಕು. ಜಾತ್ರೆ, ಉರೂಸು, ಮೊಹರಂಗಳಲ್ಲಿ ಮುಖಪರಿಚಯ ಉಳಿಸಿಕೊಂಡ ಊರುಗಳಿಗೆ ಆ ಕೈಯನ್ನು ಹುಡುಕಿಕೊಂಡು ಹೋಗಬೇಕಾದ ಕಷ್ಟ ಬರಲಾರದು.